ಫೈಲಿನ ಕೊನೇ ಸಾಲು

ಕಳೆದ ತಿಂಗಳು ನನ್ನಿಂದಾಗಿ ಒಬ್ಬರ ಎರಡು ಗಂಟೆ ಕೆಲಸ ಹಾಳಾಯ್ತು. ಕಾರಣ ನಾನು ಬರೆಯದೇ ಬಿಟ್ಟ ಒಂದು ಸಣ್ಣ ಪ್ರಶ್ನೆ.

ನಾನು ಈಮ್ಯಾಕ್ಸ್‌ನ ಹಳೇ ಗಿರಾಕಿ. ನಮ್ಮ ಟೀಮಿನಲ್ಲಿ ಬಳಸೋ ಪುಟ್ಟ ಕಾನ್ಫಿಗರೇಷನ್ ಭಾಷೆಯೊಂದಕ್ಕೆ ಅದರಲ್ಲಿ ಇಂಡೆಂಟೇಷನ್ ಇರಲಿಲ್ಲ. ಒಂದು ಭಾನುವಾರ ಕೂತು ನಾನೇ ಒಂದು ಮೋಡ್ ಬರೆದೆ. ಖಾಲಿ ಸಾಲನ್ನ ಎಷ್ಟು ಒಳಗೆ ತಳ್ಳಬೇಕು ಅಂತ ತಿಳಿಯೋಕೆ ಅದರ ಕೆಳಗೆ ಬರಹ ಇರೋ ಸಾಲು ಸಿಗೋವರೆಗೂ ಇಳಿದು ನೋಡೋದು, ಇಷ್ಟೇ ಲಾಜಿಕ್ಕು. ಸಾಲು ಖಾಲಿಯೇ? ಫಾರ್ವರ್ಡ್-ಲೈನ್. ಇದೂ ಖಾಲಿಯೇ? ಮತ್ತೆ ಫಾರ್ವರ್ಡ್-ಲೈನ್. ಹಳೇ ಫೈಲುಗಳನ್ನೆಲ್ಲ ತೆರೆದು, ಪೂರ್ತಿ ಸೆಲೆಕ್ಟ್ ಮಾಡಿ ಇಂಡೆಂಟ್ ಮಾಡಿ ನೋಡಿದೆ. ಎಲ್ಲಾ ಚಂದ! ಬೀಗುತ್ತಾ ಟೀಮಿಗೆಲ್ಲ ಕಳಿಸಿದೆ.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಹೆಸರಿಲ್ಲದ ಹೊಸ ಬಫರ್‌ನಲ್ಲಿ ಎರಡು ಗಂಟೆ ಕೂತು ಬರೆದಿದ್ದಳು. ಆಮೇಲೆ ನನ್ನ ಮೋಡ್ ಆನ್ ಮಾಡಿ, ಕೊನೆಗೆ ಹೋಗಿ ಎಂಟರ್ ಒತ್ತಿದಳು. ಅಷ್ಟೇ, ಎಡಿಟರ್ ಕಲ್ಲಾಯ್ತು. ಕಂಟ್ರೋಲ್-ಜಿ ಒತ್ತಿದ್ದರೆ ಬಿಡಿಸಿಕೊಳ್ಳುತ್ತಿತ್ತು, ಅದನ್ನ ನಾನು ಹೇಳಿಕೊಟ್ಟಿರಲಿಲ್ಲ. ಅವಳು ಕಿಲ್ ಮಾಡಿದಳು. ಫೈಲಿಗೆ ಸೇರದ ಬಫರನ್ನ ಈಮ್ಯಾಕ್ಸ್ ತಾನಾಗೇ ಆಟೋಸೇವ್ ಮಾಡಲ್ಲ. ಎಲ್ಲಾ ಹೋಯ್ತು. "ಪರವಾಗಿಲ್ಲ ಸರ್, ಮತ್ತೆ ಬರೀತೀನಿ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಆಗಿದ್ದೇನಪ್ಪಾ ಅಂದ್ರೆ, ಫೈಲಿನ ಕೊನೆಯಲ್ಲಿ ನಿಂತಾಗ "ಖಾಲಿಯೇ?" ಅಂದರೆ ಯಾವಾಗಲೂ ಹೌದು. ಫಾರ್ವರ್ಡ್-ಲೈನ್ ಅಂದರೆ ಮುಂದೆ ಜಾಗವೇ ಇಲ್ಲ, ನಿಂತಲ್ಲೇ ನಿಲ್ಲುತ್ತೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಊಟದ ಪಂಕ್ತಿಯಲ್ಲಿ ಬಡಿಸೋ ಹುಡುಗನಿಗೆ "ಎಲೆ ಮುಂದೆ ಯಾರೂ ಇಲ್ಲಾಂದ್ರೆ ಮುಂದಕ್ಕೆ ಹೋಗು" ಅಂತ ಹೇಳಿ, ಪಂಕ್ತಿ ಮುಗಿದರೆ ಏನು ಮಾಡ್ಬೇಕು ಅಂತ ಹೇಳದೇ ಬಿಟ್ಟ ಹಾಗೆ. ಪಾಪ, ಸಾರಿನ ಬಕೆಟ್ ಹಿಡ್ಕೊಂಡು ಗೋಡೆ ಮುಂದೆ ನಿಂತೇ ಇದ್ದ!

ನನ್ನ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಪೂರ್ತಿ ಸೆಲೆಕ್ಟ್ ಮಾಡಿ ಇಂಡೆಂಟ್ ಮಾಡುವಾಗ ಈಮ್ಯಾಕ್ಸ್ ಖಾಲಿ ಸಾಲುಗಳನ್ನ ಹಾರಿಸಿಬಿಡುತ್ತೆ. ನನ್ನ ಲೂಪು ಅಲ್ಲಿ ಓಡೇ ಇರಲಿಲ್ಲ. ಇನ್ನು, 2014ರ 24.4 ಆವೃತ್ತಿಯಿಂದ ಎಂಟರ್ ಒತ್ತಿದರೇ ಇಂಡೆಂಟ್ ಆಗುತ್ತೆ. ಹಳೇ ಚಟಕ್ಕೆ ಬಿದ್ದ ನಾನು ಅದನ್ನ ಆಫ್ ಮಾಡಿಟ್ಟುಕೊಂಡಿದ್ದೆ.

ಅದಕ್ಕಿಂತ ದೊಡ್ಡ ಕಾರಣ ಬೇರೆ. ಹಳೇ ಕೋಡ್ ತಿದ್ದುವವನಿಗೆ ಫೈಲಿನ ಕೊನೆ ಅಂದರೆ ಯಾರೂ ಹೋಗದ ಮೂಲೆ. ಹೊಸದಾಗಿ ಬರೆಯುವವರಿಗೆ ಹಾಗಲ್ಲ, ಅವರು ಬರೆಯೋ ಪ್ರತಿ ಸಾಲೂ ಕೊನೇ ಸಾಲೇ. ನಾನು 'ಎಡ್ಜ್ ಕೇಸ್' ಅಂದುಕೊಂಡಿದ್ದು ಅವಳಿಗೆ ದಿನನಿತ್ಯದ ಕೇಸು.

ಪೈಥಾನ್ ಮಾಡಿದವರು ಇದನ್ನ ಮರೆತಿಲ್ಲ ನೋಡಿ. ಫೈಲು ಮುಗಿದಾಗ ಇನ್ನೂ ತೆರೆದೇ ಇರೋ ಪ್ರತಿ ಇಂಡೆಂಟಿಗೂ ಒಂದೊಂದು 'ಡಿಡೆಂಟ್' ಟೋಕನ್ ಹುಟ್ಟಿಸಿ ಲೆಕ್ಕ ಚುಕ್ತಾ ಮಾಡ್ತಾರೆ. ಪಾಸಿಕ್ಸ್ ಪ್ರಕಾರವಂತೂ ನ್ಯೂಲೈನ್‌ನಿಂದ ಮುಗಿಯದ್ದು ಪೂರ್ತಿ ಸಾಲೇ ಅಲ್ಲ. ಅಂಥ ಫೈಲಿನ ಸಾಲುಗಳನ್ನ 'ಡಬ್ಲ್ಯೂಸಿ -ಎಲ್' ಕೊಟ್ಟು ಎಣಿಸಿದರೆ ಒಂದು ಕಮ್ಮಿಯೇ ಬರುತ್ತೆ.

ರಿಪೇರಿಗೆ ಎರಡು ನಿಮಿಷ ಸಾಕಾಯ್ತು. ಲೂಪಿನಲ್ಲಿ "ಬಫರ್ ಮುಗಿಯಿತೇ?" ಅಂತ ಮೊದಲು ಕೇಳಬೇಕು. ಈಮ್ಯಾಕ್ಸ್‌ನಲ್ಲಿ ಅದಕ್ಕೇ ಇಒಬಿಪಿ ಅನ್ನೋ ಫಂಕ್ಷನ್ ಇದೆ. ಈಗ ಪರೀಕ್ಷೆಗೆ ನಾಲ್ಕು ಫೈಲು ಇಟ್ಟಿದ್ದೀನಿ: ಪೂರ್ತಿ ಖಾಲಿ, ಬರೀ ಸ್ಪೇಸುಗಳು, ಕೊನೆಗೆ ನ್ಯೂಲೈನ್ ಇಲ್ಲದ್ದು, ಬ್ಲಾಕ್ ಮುಚ್ಚದೇ ಮುಗಿದದ್ದು.

ಐದನೇ ಪರೀಕ್ಷೆ ಅವಳದ್ದೇ. ಹೊಸ ಆವೃತ್ತಿ ಕೊಟ್ಟಾಗ ನನ್ನೆದುರೇ ಖಾಲಿ ಬಫರ್ ತೆರೆದಳು, ಮೊದಲು ಅದಕ್ಕೊಂದು ಹೆಸರು ಕೊಟ್ಟು ಸೇವ್ ಮಾಡಿದಳು, ಆಮೇಲೆ ಎಂಟರ್ ಒತ್ತಿದಳು.