ಅತ್ತೆ ಬರೆದ ಒಂಬತ್ತಡಿ ಗಣಿ

ಬಂಗಾರಪೇಟೆಯ ಅತ್ತೆಯ ಮನೆಯಲ್ಲಿ, ಮಹಡಿ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ, ಸೂರಿನಿಂದ ನೆಲದವರೆಗೆ ಒಂದು ಗಣಿ ತೂಗುಬಿದ್ದಿತ್ತು. ಡ್ರಾಯಿಂಗ್ ಹಾಳೆಗಳನ್ನು ಮೈದಾ ಅಂಟಿನಲ್ಲಿ ಒಂದರ ಕೆಳಗೊಂದು ಅಂಟಿಸಿ ಅತ್ತೆ ಬರೆದ, ಕೋಲಾರದ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನ ಚಾಂಪಿಯನ್ ರೀಫ್. ನೂರಡಿಗೆ ಒಂದಂಗುಲದ ಲೆಕ್ಕ. ನಿಜವಾದ ಗಣಿ ಸುಮಾರು 3.2 ಕಿಲೋಮೀಟರ್ ಆಳವಿದ್ದುದರಿಂದ ಚಿತ್ರ ಒಂಬತ್ತಡಿ ಮುಟ್ಟಿತ್ತು. ಮೇಲ್ತುದಿಯಲ್ಲಿ ಶಾಫ್ಟಿನ ಚಕ್ರ, ಅದರಿಂದ ಇಳಿಬಿದ್ದ ಕೇಜು, ಕೇಜಿನೊಳಗೆ ಬೆರಳುಗುರಿನಷ್ಟು ಮನುಷ್ಯರು. ಮಹಡಿ ಹತ್ತಿ ಇಳಿಯುವ ನೆಪದಲ್ಲಿ ನಾವು ಮಕ್ಕಳೆಲ್ಲ ಗಣಿ ಹತ್ತಿ ಇಳಿಯುತ್ತಿದ್ದೆವು.

ಅಷ್ಟು ಬರೆದ ಅತ್ತೆ ಗಣಿಯೊಳಗೆ ಒಮ್ಮೆಯೂ ಇಳಿದವರಲ್ಲ. ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಹಚ್ಚಕೂಡದೆಂದು 1952ರ ಗಣಿ ಕಾಯ್ದೆಯೇ ಹೇಳಿತ್ತು. ಅದು ಅವರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಇನ್ನೂರು ವರ್ಷದ ಹಿಂದೆ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನದ ಸುದ್ದಿ ಬೆನ್ನುಹತ್ತಿ ಈ ಸೀಮೆಗೆ ಬಂದಿದ್ದ. ಗಂಡಸರು ಗುಂಡಿಯಿಂದ ಎತ್ತಿಕೊಟ್ಟ ಕಲ್ಲನ್ನು ಹೆಂಗಸರು ಕುಟ್ಟಿ ಪುಡಿ ಮಾಡುತ್ತಿದ್ದರೆಂದು ಅವನೇ ಬರೆದಿಟ್ಟಿದ್ದಾನೆ. ಆ ಸಂಗತಿ ಬಂದಾಗಲೆಲ್ಲ ಅತ್ತೆಯದು ಒಂದೇ ಮಾತು: "ಕುಟ್ಟಕ್ಕೆ ನಾವು, ಇಳಿಯಕ್ಕೆ ಅವರಾ?"

ಅತ್ತೆ ಊರಿಗಾಂ ಕಡೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ. ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನ ಜನವೆಲ್ಲ ಬೆಂಗಳೂರಿನ ರೈಲಿಗೆ ಮುಗಿಬಿದ್ದರೆ, ಇವರು ಟಿಫಿನ್ ಡಬ್ಬಿ ಹಿಡಿದು ಮಾರಿಕುಪ್ಪಂ ಗಾಡಿ ಹತ್ತುತ್ತಿದ್ದರು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಗಣಿಗೆಂದೇ ಹಾಕಿದ ಈ ಪುಟ್ಟ ಲೈನೇ ಅವರ ವಿಶ್ವವಿದ್ಯಾಲಯ. ಪಾಳಿ ಮುಗಿಸಿದವರು, ಪಾಳಿಗೆ ಹೊರಟವರು ಎದುರಿಗೇ ಕೂರುತ್ತಿದ್ದರು. ಅವರ ಮಾತು ತಿಳಿಯಲೆಂದು ಅತ್ತೆ ತಮಿಳು ಕಲಿತರು. ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ, ಮೇಲಿನಿಂದ ಗಾಳಿಯನ್ನು ತಣಿಸಿ ಕಳಿಸುತ್ತಾರೆ ಎಂದು ಯಾರೋ ಹೇಳಿದ ಸಂಜೆ ಚಿತ್ರದ ಕೆಳಭಾಗಕ್ಕೆ ಕೆಂಪು ಬಂತು. ಬಂಡೆ ಸಿಡಿದಾಗ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆಗಳು ಗಡಗಡನೆ ನಡುಗುತ್ತಿದ್ದವು. ಕೆಳಗಿದ್ದವರ ಮನೆಯ ಹೆಂಗಸರು ಹೊರಗೋಡಿ ಬಂದು ಶಾಫ್ಟಿನ ಚಕ್ರ ತಿರುಗುವುದನ್ನೇ ಕಾಯುತ್ತಿದ್ದರು. ಅತ್ತೆ ಅದನ್ನೂ ಬರೆದರು. ಆ ಹೆಂಗಸರಿಗೆ ಮಾತ್ರ ಮುಖ ಬರೆಯಲಿಲ್ಲ. ಚಿತ್ರದ ಅತ್ಯುತ್ತಮ ಭಾಗ ಅದೇ ಎಂದು ನನ್ನ ಎಣಿಕೆ.

ಯಾವುದು ಕಂಡರೂ ಅದರ ಮೂಲ ನೋಡಿಬರುವ ಹುಚ್ಚು ಅವರಿಗೆ. ಗಣಿಗೆ ನೀರು ಬೇತಮಂಗಲದ ಕೆರೆಯಿಂದ ಬರುತ್ತದೆಂದು ತಿಳಿದಾಗ ಸೈಕಲ್ ಹತ್ತಿ ಅಲ್ಲಿಗೇ ಹೋದರು, ಸೀರೆಯ ಅಂಚಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು. ಇನ್ನು ಕರೆಂಟು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಕೆಜಿಎಫ್‌ಗೆ 1902ರಲ್ಲೇ ಬಂದಿತ್ತು, ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ. "ಎಲ್ಲಿಂದ ಬಂತು, ನೋಡ್ಕೊಂಡು ಬರಾಣ ಬಾ" ಎಂದು ನನ್ನನ್ನೂ ಎಳೆದುಕೊಂಡು ಹೋದರು. ನಾನು ಜಲಪಾತ ನೋಡುತ್ತಿದ್ದೆ. ಅವರು ಬೆನ್ನು ತಿರುಗಿಸಿ ನಿಂತು, ತಂತಿ ಯಾವ ದಿಕ್ಕಿಗೆ ಹೊರಟಿದೆ ಎಂದು ನೋಡುತ್ತಿದ್ದರು.

ಚಿತ್ರದಲ್ಲಿ, ಮೇಲಿನಿಂದ ಎಪ್ಪತ್ತಾರನೇ ಅಂಗುಲದಲ್ಲಿ, ಒಂದು ನೀಲಿ ನಕ್ಷತ್ರವಿತ್ತು. ನೆಲದೊಳಗೆ ನಕ್ಷತ್ರ! ಮಕ್ಕಳ ಖುಷಿಗೆ ಬರೆದದ್ದೆಂದು ಬಹುಕಾಲ ನಂಬಿದ್ದೆ. ಆದರೆ ಅದು ನಡೆದ ಸಂಗತಿ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾಯುಮಂಡಲಕ್ಕೆ ಬಡಿದಾಗ ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ಜೊತೆಗೆ ಹುಟ್ಟುವ ಉಳಿದ ಕಣಗಳನ್ನು ಬಂಡೆ ತಡೆಯುತ್ತದೆ. ನ್ಯೂಟ್ರಿನೋಗೆ ಬಂಡೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಅವನ್ನು ಗುರುತಿಸಬೇಕಾದರೆ ಬೇರೆ ಕಣಗಳ ಗದ್ದಲವಿಲ್ಲದ ಆಳ ಬೇಕು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಜ್ಞಾನಿಗಳ ಜೊತೆ ಸೇರಿ, ಇದೇ ಚಾಂಪಿಯನ್ ರೀಫಿನಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಅವುಗಳ ಸುಳಿವು ಹಿಡಿದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಲೋಕಕ್ಕೆ ಮೊದಲು ಕಂಡ ಜಾಗಗಳಲ್ಲಿ ಇದೂ ಒಂದು. ಚಿನ್ನ ಅಗೆಯಲು ತೋಡಿದ ಗುಂಡಿಯಲ್ಲಿ ಕೂತು ಆಕಾಶ ನೋಡಿದವರ ಕತೆಯನ್ನು ನಮ್ಮ ಯಾವ ಪಠ್ಯಪುಸ್ತಕವೂ ನನಗೆ ಹೇಳಲಿಲ್ಲ. ಅತ್ತೆ ರೈಲಿನಲ್ಲಿ ಕೇಳಿಸಿಕೊಂಡಿದ್ದರು.

ಕೋಲಾರದ ಗಣಿಯ ಪ್ರಯೋಗಗಳಲ್ಲಿ ವಿಭಾ ಚೌಧುರಿ ಎಂಬ ಬಂಗಾಳದ ಭೌತವಿಜ್ಞಾನಿ ಪಾಲ್ಗೊಂಡಿದ್ದರೆಂದು ನಾನು ಓದಿದ್ದು ತೀರ ಈಚೆಗೆ. 1913ರಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಆಕೆಯ ಹೆಸರನ್ನು 2019ರಲ್ಲಿ ಒಂದು ನಕ್ಷತ್ರಕ್ಕೆ ಇಟ್ಟರು. ಹಾಸಿಗೆ ಹಿಡಿಯುವ ಹಂತಕ್ಕೆ ಬಂದಿದ್ದ ಅತ್ತೆಗೆ ಸುದ್ದಿ ಓದಿ ಹೇಳಿದೆ. ಕನ್ನಡಕ ಕೇಳಿದರು, ಸ್ಕೆಚ್ ಪೆನ್ನು ಕೇಳಿದರು. ನಡುಗುವ ಕೈಯಲ್ಲಿ ನೀಲಿ ನಕ್ಷತ್ರದ ಪಕ್ಕ "ವಿಭಾ" ಎಂದು ಬರೆದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಆಳದಲ್ಲಿ ನೀರು ತುಂಬತೊಡಗಿತು. ಅತ್ತೆ ಆಗ ಎಪ್ಪತ್ತು ದಾಟಿದ್ದರು. ವರ್ಷಕ್ಕೊಮ್ಮೆ, ದಸರೆ ಗೊಂಬೆ ಇಳಿಸಿದ ಮೇಲೆ, ಚಿತ್ರದ ಅಡಿಯಿಂದ ಒಂದಿಷ್ಟು ನೀಲಿ ಬಳಿಯುತ್ತಾ ಬಂದರು. ಕೆಂಪು ಹೋಯಿತು, ಕೇಜು ಮುಳುಗಿತು.

ತೊಂಬತ್ತು ದಾಟಿ ಅವರು ಹೋದ ಮೇಲೆ ಅದೇ ರೈಲಿನಲ್ಲಿ ಮಾರಿಕುಪ್ಪಂವರೆಗೆ ಹೋಗಿಬಂದೆ. ಶಾಫ್ಟಿನ ಚಕ್ರ ಹೊತ್ತು ತುಕ್ಕು ಹಿಡಿದ ಹೆಡ್‌ಗೇರುಗಳು, ಸಾಲು ಸಾಲು ಲೈನ್ ಮನೆಗಳು, ಇಂಗ್ಲಿಷರ ಕಾಲದ ಬಂಗಲೆಗಳು. ಅವುಗಳ ಹಿಂದೆ ಸೈನೈಡ್ ದಿಬ್ಬಗಳು: ಚಿನ್ನ ಹಿಂಡಿಕೊಂಡು ಉಳಿಸಿದ ಬೂದಿಬಣ್ಣದ ಪುಡಿ, ಮರವಿಲ್ಲದ ಬೆಟ್ಟಗಳಾಗಿ ನಿಂತಿದೆ. 2018ರ 'ಕೆಜಿಎಫ್' ಸಿನಿಮಾ ಬಂದ ಮೇಲೆ ಅಲ್ಲಿ ಫೋಟೋಗೆ ನಿಲ್ಲುವವರು ಹೆಚ್ಚಿದ್ದಾರೆ. ಬೇಸಿಗೆಯ ಗಾಳಿಗೆ ಆ ಪುಡಿ ಏಳುವಾಗ ಅಲ್ಲಿ ವಾಸಿಸುವವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಸಿನಿಮಾದಲ್ಲಿ ಅದಿಲ್ಲ.

ನೀವು ಹೋಗುವುದಾದರೆ ಕಾರು ಬೇಡ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿಯಿರಿ. ದಿಬ್ಬ ಹತ್ತಬೇಡಿ, ಹಳೆಯ ಶಾಫ್ಟುಗಳ ಬೇಲಿ ದಾಟಬೇಡಿ. ಬಂಗಾರಪೇಟೆಗೆ ಮರಳಿದ ಮೇಲೆ, ನೀರಿನಷ್ಟೇ ತಿಳಿಯಾಗಿ ಕಾಣುವ ಪಾನಿಯ ಪಾನಿಪುರಿ ತಿನ್ನದೆ ಬರಬೇಡಿ. ರೈಲಿನಲ್ಲಿ ಎದುರಿಗೆ ಗಣಿಯಲ್ಲಿ ದುಡಿದ ಹಿರಿಯರು ಯಾರಾದರೂ ಕೂತಿದ್ದರೆ ಕೆಳಗೆ ಹೇಗಿತ್ತೆಂದು ಕೇಳಿ. ಅವರು ಹೇಳುತ್ತಾರೆ, ಮಾರಿಕುಪ್ಪಂ ಬಂದರೂ ಮುಗಿಸುವುದಿಲ್ಲ.