ಸವೆದ ಕ್ಯಾಮೆರಾದ ಬೆಲೆ

ವಸ್ತುವು ಹೊಸದಾಗಿದ್ದಾಗ ಬೆಲೆ ಹೆಚ್ಚು, ಬಳಸಿ ಸವೆದ ಮೇಲೆ ಕಡಮೆ ಎಂಬುದು ಸಂತೆಯ ನ್ಯಾಯ. ಈ ನ್ಯಾಯವು ತಲೆಕೆಳಗಾಗುವ ಸ್ಥಳವೊಂದುಂಟು. ಅದು ಪುರಾತನ ಕ್ಯಾಮೆರಾಗಳ ಹರಾಜು. 2022ರ ಜೂನ್ ತಿಂಗಳಿನಲ್ಲಿ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ 105ನೆಯ ಸಂಖ್ಯೆಯ ಪುಟ್ಟ ಲೈಕಾ ಕ್ಯಾಮೆರಾವೊಂದು ಹರಾಜಿಗೆ ಬಂದಿತು. 20ರಿಂದ 30 ಲಕ್ಷ ಯೂರೋ ದೊರೆತೀತೆಂಬುದು ಬಲ್ಲವರ ಅಂದಾಜು. ಕಡೆಯ ಕೂಗು ನಿಂತಾಗ, ಶುಲ್ಕವೂ ಸೇರಿ, ಅದಕ್ಕೆ ಸಂದದ್ದು 1 ಕೋಟಿ 44 ಲಕ್ಷ ಯೂರೋ. ಅದುವರೆಗೆ ಯಾವ ಕ್ಯಾಮೆರಾವೂ ಹರಾಜಿನಲ್ಲಿ ಅಷ್ಟು ಬೆಲೆಯನ್ನು ಕಂಡಿರಲಿಲ್ಲ.

ಈ ಕ್ಯಾಮೆರಾದ ಜನಕನಾದ ಆಸ್ಕರ್ ಬಾರ್ನಾಕ್ ಅದೇ ಪಟ್ಟಣದ ಲೈಟ್ಸ್ ಎಂಬ ಸೂಕ್ಷ್ಮದರ್ಶಕಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಯಂತ್ರಕುಶಲಿ. ಉಬ್ಬಸದಿಂದ ಬಳಲುತ್ತಿದ್ದ ಆತನಿಗೆ, ಗಾಜಿನ ಫಲಕಗಳನ್ನು ತುಂಬಿದ ಭಾರವಾದ ಪೆಟ್ಟಿಗೆಯನ್ನು ಹೊತ್ತು ತಿರುಗುವುದು ಕಷ್ಟವಾಗಿತ್ತು. ಆದುದರಿಂದ ಚಲನಚಿತ್ರಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನೇ ಅಳವಡಿಸಿಕೊಂಡು, 1914ರ ವೇಳೆಗೆ ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾವನ್ನು ರೂಪಿಸಿದನು. 1923ರ ಸುಮಾರಿಗೆ ಪರೀಕ್ಷೆಗಾಗಿ ಇಪ್ಪತ್ತಕ್ಕೆ ತುಸು ಹೆಚ್ಚು ಪ್ರತಿಗಳು ಸಿದ್ಧವಾದವು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಲೋಕದ ಮುಂದೆ ಬಂದಿತು.

ಆ ಪರೀಕ್ಷಾ ಪ್ರತಿಗಳಲ್ಲೇ ಒಂದಾದ 122ನೆಯದು 2018ರಲ್ಲಿ ವಿಯೆನ್ನಾ ನಗರದಲ್ಲಿ 24 ಲಕ್ಷ ಯೂರೋಗಳಿಗೆ ಮಾರಾಟವಾಗಿತ್ತು. ಅದು ಚೆನ್ನಾಗಿ ಉಳಿದುಬಂದ ಪ್ರತಿ. 105ನೆಯದಾದರೋ ಕಪ್ಪು ಬಣ್ಣ ಸವೆದು ಹಿತ್ತಾಳೆ ತೋರುತ್ತಿದ್ದುದು. ಒಂದೇ ಕಾರ್ಖಾನೆ, ಒಂದೇ ಕಾಲ. ಆದರೂ ಬೆಲೆಯಲ್ಲಿ ಆರು ಪಾಲು ಅಂತರ. ಕಾರಣವಿಷ್ಟೆ: ಸವೆದ ಕ್ಯಾಮೆರಾದ ನೆತ್ತಿಯ ಮೇಲೆ ಬಾರ್ನಾಕನ ಹೆಸರು ಕೊರೆದಿದೆ. ಅದು ಆತನೇ ಬಳಸುತ್ತಿದ್ದ ಕ್ಯಾಮೆರಾ. ಆ ಪರೀಕ್ಷಾ ಪ್ರತಿಗಳಲ್ಲಿ ಫಿಲ್ಮನ್ನು ಸುತ್ತುವಾಗ ಬೆಳಕು ಒಳನುಗ್ಗದಂತೆ ಮಸೂರಕ್ಕೆ ಮುಚ್ಚಳವಿಡಬೇಕಾಗಿತ್ತು. 1925ರ ಮಾದರಿಯಲ್ಲಿ ಆ ತೊಡಕು ನೀಗಿತು. ಬಳಸಿ, ಕುಂದು ಕಂಡು, ತಿದ್ದಿದ ದುಡಿಮೆಯ ಗುರುತು ಆ ಸವೆತದಲ್ಲಿದೆ.

ಹೆಸರು ಕೊರೆದ ಮಾತ್ರಕ್ಕೇ ಬೆಲೆ ಬರುವುದೆಂದು ವಾಚಕರು ತಿಳಿಯಬಾರದು. ಸೋವಿಯತ್ ದೇಶದ ಫೆಡ್, ಜೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಎಂದು ಕೊರೆದು ಮಾರಿದವರು ಎಷ್ಟೋ ಮಂದಿ. ಅದಕ್ಕಾಗಿಯೇ ಪರಿಣತರು ಸಂಖ್ಯೆಯನ್ನೂ ಬಿಡಿಭಾಗಗಳನ್ನೂ ಕೈಬದಲಾದ ಇತಿಹಾಸವನ್ನೂ ಒರೆಗೆ ಹಚ್ಚುತ್ತಾರೆ. ಹೊಳಪಿನಾಸೆಗೆ ಹೊಸ ಬಣ್ಣ ಬಳಿದರೆ ಬೆಲೆ ಕುಸಿಯುವುದೇ ಸಾಮಾನ್ಯ. ಬಣ್ಣದೊಡನೆ ಸಾಕ್ಷ್ಯವೂ ಅಳಿದುಹೋಗುತ್ತದೆ.

ಬಾರ್ನಾಕ್ 1936ರಲ್ಲಿ ತೀರಿಕೊಂಡನು. ತನ್ನ ಕೈಯ ಕ್ಯಾಮೆರಾ ಒಂದು ದಿನ ಇಂಥ ಐಶ್ವರ್ಯಕ್ಕೆ ಸಮನಾದೀತೆಂದು ಆತ ಎಣಿಸಿರಲಾರನು. ಆತನ ಕಣ್ಣಿದ್ದುದು ಅದರ ಕುಂದುಗಳ ಮೇಲೆ. ಕುಂದನ್ನು ತಿದ್ದುವ ಕಾಯಕದಲ್ಲಿ ಸವೆದ ಉಪಕರಣಕ್ಕೇ ಲೋಕವು ಅತ್ಯಧಿಕ ಬೆಲೆ ಕಟ್ಟಿತೆಂಬುದು, ಫಲವನ್ನು ಕಣ್ಣಾರೆ ಕಾಣದೆ ದುಡಿಯುವವರಿಗೆಲ್ಲ ಸಮಾಧಾನ ತರುವ ಸಂಗತಿ.