ಕಣ್ಣು ತೆರೆಯದ ಪೆಟ್ಟಿಗೆ

ಮನೆಯಲ್ಲಿ ಮನುಷ್ಯರು ಕಾಯಿಲೆ ಬಿದ್ದರೆ ವೈದ್ಯರನ್ನು ಕರೆಸುತ್ತಾರೆ. ಯಂತ್ರ ಕಾಯಿಲೆ ಬಿದ್ದರೆ ಮನೆಮಂದಿಯೆಲ್ಲರೂ ವೈದ್ಯರಾಗುತ್ತಾರೆ. ಗಡಿಯಾರ ನಿಂತರೆ ಅಲ್ಲಾಡಿಸುವುದು, ರೇಡಿಯೋ ಗೊರಗುಟ್ಟಿದರೆ ತಲೆಯ ಮೇಲೊಂದು ಪೆಟ್ಟು ಕೊಡುವುದು, ಮಿಕ್ಸಿ ಮುಷ್ಕರ ಹೂಡಿದರೆ ಸ್ವಿಚ್ಚನ್ನು ಹತ್ತು ಸಲ ಒತ್ತುವುದು, ಇವೆಲ್ಲ ತಲೆಮಾರುಗಳಿಂದ ಬಂದ ಚಿಕಿತ್ಸಾಕ್ರಮಗಳು. ಇವುಗಳಿಂದ ಗುಣವಾದ ಯಂತ್ರಗಳೂ ಉಂಟು. ಆದುದರಿಂದಲೇ ಲ್ಯಾಪ್‌ಟಾಪ್ ಎಂಬ ಈ ಕಾಲದ ಪೆಟ್ಟಿಗೆ ಕಣ್ಣು ತೆರೆಯಲು ಒಲ್ಲೆನೆಂದಾಗಲೂ ಅದೇ ಮದ್ದು ಪ್ರಯೋಗವಾಗುತ್ತದೆ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ನಡೆದದ್ದೂ ಇದೇ. ನಿವೃತ್ತರಾದ ರಾಯರು ಒಂದು ಮುಂಜಾನೆ ಗುಂಡಿಯನ್ನು ಒತ್ತಿದರು. ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು, ಪರದೆಯ ಮೇಲೆ ತಯಾರಕರ ಮುದ್ರೆ ಮೂಡಿತು. ಅದರ ಕೆಳಗೆ ಬಿಳಿಯ ಚುಕ್ಕೆಗಳು ಪ್ರದಕ್ಷಿಣೆ ಹಾಕತೊಡಗಿದವು. ಬಹಳ ಹೊತ್ತು ಸುತ್ತಿದ ಮೇಲೆ ಪರದೆಗೆ ಕತ್ತಲು ಕವಿಯಿತು. ಮರಳಿ ಮುದ್ರೆ, ಮರಳಿ ಪ್ರದಕ್ಷಿಣೆ, ಮರಳಿ ಕತ್ತಲು. ರಾಯರು ಐದು ಸಲ ಒತ್ತಿದರು. ಐದು ಸಲವೂ ಅಷ್ಟೇ.

ಯಂತ್ರ ಆರು ವರ್ಷದ್ದು. ಹೋದರೆ ಹೋಗಲಿ ಎನ್ನಬಹುದಾಗಿತ್ತು. ಆದರೆ ಅದರೊಳಗೆ ರಾಯರ ತಾಯಿಯ ಕಂಠವಿತ್ತು. ತೊಟ್ಟಿಲ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಹೀಗೆ ನಲವತ್ತು ಹಾಡುಗಳನ್ನು ಮೊಮ್ಮಗಳು ಎರಡು ಬೇಸಗೆಯ ರಜೆಗಳಲ್ಲಿ ಅಜ್ಜಿಯ ಮುಂದೆ ಕುಳಿತು ಧ್ವನಿಮುದ್ರಿಸಿದ್ದಳು. ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಾಡುಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಸುದ್ದಿ ತಿಳಿದು ಬಂದ ಪಕ್ಕದ ಮನೆಯವರು, "ಇದಕ್ಕೆ ಒಂದೇ ಮದ್ದು, ರಾಯರೇ. ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ತುಂಬಿಸಿಬಿಡಿ" ಎಂದರು. ಸಲಹೆ ಸುಳ್ಳಾಗಿರಲಿಲ್ಲ. ಯಂತ್ರ ಬಹುಶಃ ಗುಣವಾಗುತ್ತಿತ್ತು. ಅಜ್ಜಿಯ ಹಾಡು ಮಾತ್ರ ಉಳಿಯುತ್ತಿರಲಿಲ್ಲ.

"ಅಪ್ಪಾ, ಇನ್ನು ಏನನ್ನೂ ಒತ್ತಬೇಡಿ. ಅದು ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ನೋಡೋಣ" ಎಂದಳು ಮಗಳು.

ಅವಳ ಮಾತಿನಲ್ಲಿ ಅರ್ಥವಿತ್ತು. ಇಂತಹ ಯಂತ್ರ ಒಂದೇ ನೆಗೆತಕ್ಕೆ ಎಚ್ಚರಗೊಳ್ಳುವುದಿಲ್ಲ. ವಿದ್ಯುತ್ತು ಹರಿದೊಡನೆ ಅದರ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುವ ಪುಟ್ಟ ಪ್ರೋಗ್ರಾಮು ಮೊದಲು ಏಳುತ್ತದೆ; ರ್‍ಯಾಮು, ಪರದೆ, ಡಿಸ್ಕುಗಳನ್ನು ವಿಚಾರಿಸಿಕೊಳ್ಳುತ್ತದೆ; ಅನಂತರ ಡಿಸ್ಕಿನಲ್ಲಿ ಮಲಗಿರುವ ವಿಂಡೋಸನ್ನು ಎಬ್ಬಿಸುತ್ತದೆ. ಇದಕ್ಕೆ 'ಬೂಟ್' ಎಂಬ ಹೆಸರು ಬಂದದ್ದು, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಹೇಳುವ ಇಂಗ್ಲಿಷಿನ ನುಡಿಯೊಂದರಿಂದ.

ಆದುದರಿಂದ ಯಾವ ಮೆಟ್ಟಿಲಿನಲ್ಲಿ ಕಾಲು ತಡೆಯಿತೆಂಬುದನ್ನು ತಿಳಿಯಬೇಕು. ದೀಪವೇ ಹತ್ತದಿದ್ದರೆ ಪ್ಲಗ್ಗು, ಚಾರ್ಜರು, ಬ್ಯಾಟರಿಗಳನ್ನು ನೋಡಬೇಕು. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಅದರ ಮೇಲೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಬೇಕು. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಪರದೆಯ ಹಿಂಬೆಳಕು ಮಾತ್ರ. ಬೀಪ್ ಸದ್ದು ಕೇಳಿದರೆ ಎಷ್ಟೆಂದು ಎಣಿಸಬೇಕು. ಒಬ್ಬೊಬ್ಬ ತಯಾರಕರ ಸಂಕೇತ ಒಂದೊಂದು ತೆರ. ಹಳೆಯ ಮಾದರಿಯ ಹಾರ್ಡ್‌ಡಿಸ್ಕು ಟಿಕ್ ಟಿಕ್ ಎಂದರೆ ಯಂತ್ರವನ್ನು ಕೂಡಲೇ ಆರಿಸಿ ಕೈ ತೆಗೆಯಬೇಕು. ಮುದ್ರೆ ಮೂಡಿ ಚುಕ್ಕೆಗಳು ಸುತ್ತುವಷ್ಟು ದೂರ ಬಂದಿದ್ದರೆ ದೇಹ ಬಹುಮಟ್ಟಿಗೆ ನೆಟ್ಟಗಿದೆಯೆಂದು ಅರ್ಥ. ತೊಡಕಿರುವುದು ಡಿಸ್ಕಿನಲ್ಲಿ ಇಲ್ಲವೇ ವಿಂಡೋಸಿನಲ್ಲಿ.

ಮಗಳು ಸಿಕ್ಕಿಸಿದ್ದ ಪೆನ್‌ಡ್ರೈವನ್ನು ಕಿತ್ತಳು. ಕೆಲವು ಯಂತ್ರಗಳು ವಿಂಡೋಸನ್ನು ಅದರಲ್ಲಿ ಹುಡುಕುತ್ತ ನಿಂತುಬಿಡುತ್ತವೆ. ಚಾರ್ಜರನ್ನು ತೆಗೆದು, ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದು, ಉಳಿದಿದ್ದ ವಿದ್ಯುತ್ತನ್ನು ಹರಿಯಬಿಟ್ಟಳು. ಫಲ ಕಾಣಲಿಲ್ಲ.

ಹಾಗಾದರೆ ಎಲ್ಲವನ್ನೂ ಅಳಿಸುವುದೇ ಗತಿಯೇ? 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷದ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅಂದು ಅನೇಕ ಯಂತ್ರಗಳಿಗೆ ಬೇಕಾಗಿದ್ದ ಚಿಕಿತ್ಸೆ ಇಷ್ಟೇ: ಅತ್ಯಗತ್ಯವಾದವುಗಳನ್ನು ಮಾತ್ರ ಎಬ್ಬಿಸುವ ಸೇಫ್ ಮೋಡಿಗೆ ಹೋಗಿ, ದೋಷದ ಆ ಒಂದು ಫೈಲನ್ನು ತೆಗೆಯುವುದು. ಒಂದು ಸಾಸಿವೆ ಕಾಳಿನಿಂದ ಆನೆ ಮಲಗಿತ್ತು.

ಆದರೂ ಚಿಕಿತ್ಸೆಗೆ ಮುಂಚೆ ಹಾಡುಗಳನ್ನು ಹೊರತೆಗೆಯಬೇಕೆಂದು ತಂದೆ ಮಗಳು ನಿಶ್ಚಯಿಸಿದರು. ರಿಪೇರಿಯವನು ತಳದ ಮುಚ್ಚಳ ಬಿಚ್ಚಿ, ಬೆರಳುದ್ದದ ಡಿಸ್ಕನ್ನು ತೆಗೆದು, ಒಂದು ಡಬ್ಬಿಯಲ್ಲಿಟ್ಟು ಬೇರೊಂದು ಕಂಪ್ಯೂಟರಿಗೆ ಜೋಡಿಸಿದ. ಅದು ಬಾಗಿಲು ತೆರೆಯಲಿಲ್ಲ. ಬಿಟ್‌ಲಾಕರಿನ 48 ಅಂಕಿಗಳ ಕೀಲಿಯನ್ನು ಕೇಳಿತು. ರಾಯರ ಮುಖ ಬಿಳಿಚಿತು. ಇಂಥದೊಂದು ಬೀಗ ತಮ್ಮ ಮನೆಯಲ್ಲಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ.

ಮಗಳು ಫೋನಿನಲ್ಲಿ ತಂದೆಯ ಮೈಕ್ರೋಸಾಫ್ಟ್ ಖಾತೆಯನ್ನು ತೆರೆದು ನೋಡಿದಳು. ಕೀಲಿ ಅಲ್ಲಿ ಭದ್ರವಾಗಿತ್ತು. ಆರಾರು ಅಂಕಿಗಳ ಎಂಟು ಗುಂಪುಗಳನ್ನು ರಾಯರು ಮಂತ್ರದಂತೆ ಒಂದೊಂದಾಗಿ ಹೇಳಿದರು. ಅವಳು ಒತ್ತುತ್ತ ಹೋದಳು. ಡಿಸ್ಕು ತೆರೆಯಿತು. ಪರೀಕ್ಷಿಸಲೆಂದು ಮೊದಲ ಹಾಡನ್ನು ಹಚ್ಚಿದರು. ಒಂದು ಕೆಮ್ಮು ಕೇಳಿತು, ಆಮೇಲೆ, "ಶುರು ಮಾಡ್ಲೇನೆ, ಕೂಸೇ?" ರಿಪೇರಿಯವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಹಾಡು ಮುಗಿಯುವ ತನಕ ಅಲ್ಲಿ ಯಾರೂ ಮಾತಾಡಲಿಲ್ಲ.

ನಲವತ್ತು ಹಾಡುಗಳ ಪ್ರತಿಯಾದ ಮೇಲೆ ಡಿಸ್ಕು ಸ್ವಸ್ಥಾನಕ್ಕೆ ಮರಳಿತು. ಸತತವಾಗಿ ಏಳಲಾಗದ ವಿಂಡೋಸು ತಾನಾಗಿ ತೋರುವ ದುರಸ್ತಿಯ ಪುಟದಲ್ಲಿ, ಕಡೆಯ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆಯೊಂದಿರುತ್ತದೆ. ಅದನ್ನು ಒತ್ತಿದರು. ಚುಕ್ಕೆಗಳು ಸುತ್ತಿದವು, ಈ ಸಲ ಬಾಗಿಲು ತೆರೆಯಿತು.

ಪೆಟ್ಟಿಗೆಗೆ ಪೇಟೆಯಲ್ಲಿ ಬೆಲೆಯುಂಟು. ಒಂದು ಹೋದರೆ ಇನ್ನೊಂದು ಬಂದೀತು. ಒಳಗಿಟ್ಟದ್ದನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲ. ರಾಯರೀಗ ಹಾಡುಗಳ ಒಂದು ಪ್ರತಿಯನ್ನು ಕಪಾಟಿನಲ್ಲಿಟ್ಟು, ಇನ್ನೊಂದನ್ನು ಮೈಸೂರಿನ ತಂಗಿಯ ಮನೆಗೆ ಕಳುಹಿಸಿದ್ದಾರೆ. 48 ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆಗೆ ಕಬ್ಬಿಣದ ಬೀರುವಿನಲ್ಲಿಟ್ಟಿದ್ದಾರೆ. ತಂಗಿಯ ಮನೆಯ ಮಕ್ಕಳು ತೊಟ್ಟಿಲ ಹಾಡನ್ನು ಆಗಲೇ ಕಲಿಯತೊಡಗಿದ್ದಾರಂತೆ. ಅಪ್‌ಡೇಟಿನ ಕಾಟವಿಲ್ಲದ ಪ್ರತಿಯೆಂದರೆ ಅದೊಂದೇ.